ಸಾಯುವ ಹಕ್ಕಿನ ಚರ್ಚೆ: ಚರ್ಚ್ ಏನನ್ನುತ್ತೆ, ಸೆಕ್ಯುಲರ್ ನೀತಿ ಏನನ್ನುತ್ತೆ, ಮದ್ದೂರಿಗೆ ಏನು ಬೇಕು?

ನಮ್ಮ ಮಂಡ್ಯ ಸೀಮೆಯಲ್ಲಿ ‘ದಯಾಮರಣ’ ಅನ್ನೋದು ಆಸ್ಪತ್ರೆಯಲ್ಲಿ ಕೇಳಿಬರುವ ಪದವಲ್ಲ, ಮನವಿ ಪತ್ರದಲ್ಲಿ ಓದುವ ಪದ. ಬೆಳೆಯ ಬಾಕಿ ಬಂದಿಲ್ಲ, ಜಮೀನಿಗೆ ಪರಿಹಾರ ಸಿಕ್ಕಿಲ್ಲ, ಗುತ್ತಿಗೆ ನೌಕರರಿಗೆ ಸಂಬಳ ಆಗಿಲ್ಲ. “ನ್ಯಾಯ ಕೊಡಿ, ಇಲ್ಲಾಂದ್ರೆ ದಯಾಮರಣ ಕೊಡಿ” ಅಂತ ಜಿಲ್ಲಾಧಿಕಾರಿಗೋ ರಾಷ್ಟ್ರಪತಿಗೋ ಬರೆಯುವುದು ಕರ್ನಾಟಕದ ಉದ್ದಗಲಕ್ಕೂ ಕಾಣುವ ಪ್ರತಿಭಟನೆಯ ಒಂದು ರೀತಿ. ಹಾಗೆ ಬರೆದವರಿಗೆ ಸಾಯುವ ಆಸೆ ಇರುವುದಿಲ್ಲ. ಬದುಕೋಕೆ ಬೇಕಾದ್ದನ್ನು ಕೊಡಿ ಅನ್ನೋದೇ ಆ ಪತ್ರದ ಅರ್ಥ.

ಈ ಬಳಕೆಯನ್ನು ತಲೆಯಲ್ಲಿಟ್ಟುಕೊಂಡೇ ನಿಜವಾದ ದಯಾಮರಣದ ಚರ್ಚೆಗೆ ಬರೋಣ. ಯಾಕಂದ್ರೆ ಆ ಚರ್ಚೆಯ ನಡುಮಧ್ಯದಲ್ಲಿರುವ ಪ್ರಶ್ನೆಯೂ ಇದೇ: ಒಬ್ಬ ಮನುಷ್ಯ “ನನಗೆ ಸಾವು ಬೇಕು” ಅಂದಾಗ ಅವರು ನಿಜಕ್ಕೂ ಕೇಳ್ತಿರೋದು ಏನನ್ನ?

2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. ‘ಘನತೆಯಿಂದ ಸಾಯುವ ಹಕ್ಕು’ ಕುರಿತ ಸುಪ್ರೀಂ ಕೋರ್ಟ್ ತೀರ್ಪನ್ನು ರಾಜ್ಯದ ಆಸ್ಪತ್ರೆಗಳಲ್ಲಿ ಜಾರಿಗೆ ತರುವ ಸುತ್ತೋಲೆ ಅದು. ಮರುದಿನವೇ ಸುದ್ದಿವಾಹಿನಿಗಳಲ್ಲಿ “ರಾಜ್ಯದಲ್ಲಿ ದಯಾಮರಣಕ್ಕೆ ಅಸ್ತು” ಅನ್ನುವ ಧಾಟಿಯ ತಲೆಬರಹಗಳು ಬಂದವು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಅವರೇ ಮೊದಲ ಫಲಾನುಭವಿ ಆಗಬಹುದು ಅಂತಲೂ ಬರೆದರು. ಬೆನ್ನಿನ ಡಿಸ್ಕ್ ಸಮಸ್ಯೆಯಿಂದ ಶುರುವಾದ ನೋವಿನ ಜೊತೆ ಬದುಕುತ್ತಾ, ಎರಡು ದಶಕಕ್ಕೂ ಹೆಚ್ಚು ಕಾಲ ಸರ್ಕಾರಗಳಿಗೆ, ನ್ಯಾಯಾಲಯಕ್ಕೆ ಪತ್ರ ಬರೆದು ಘನತೆಯ ಸಾವನ್ನು ಕೇಳಿದ ಹೆಣ್ಣುಮಗಳು ಅವರು.

ಆದರೆ ಸುತ್ತೋಲೆಯನ್ನು ಓದಿದರೆ ಒಂದು ವಿಷಯ ಸ್ಪಷ್ಟವಾಗುತ್ತೆ. ಕರಿಬಸಮ್ಮ ಅಷ್ಟು ವರ್ಷ ಕೇಳಿದ್ದನ್ನು ಅದು ಕೊಡುವುದೇ ಇಲ್ಲ.

ಮೂರು ಬೇರೆ ಬೇರೆ ಸಂಗತಿ, ಒಂದೇ ಹೆಸರು

ಮಾತು ಕೆಡೋದು ಇಲ್ಲೇ. ಮೂರು ಸಂಗತಿಗಳನ್ನು ನಾವು ಒಂದೇ ಪದದಲ್ಲಿ ಕಟ್ಟಿಹಾಕಿದ್ದೇವೆ.

ಒಂದು, ಚೇತರಿಸಿಕೊಳ್ಳುವ ಸಾಧ್ಯತೆಯೇ ಇಲ್ಲದ ರೋಗಿಗೆ ವೆಂಟಿಲೇಟರ್, ಡಯಾಲಿಸಿಸ್‌ನಂಥ ಜೀವ ಹಿಡಿದಿಡುವ ಚಿಕಿತ್ಸೆಯನ್ನು ಕೊಡದಿರುವುದು ಅಥವಾ ಕೊಡುತ್ತಿರುವುದನ್ನು ನಿಲ್ಲಿಸುವುದು. ಇದಕ್ಕೆ ನಿಷ್ಕ್ರಿಯ ದಯಾಮರಣ ಅಂತಾರೆ. ಎರಡು, ವೈದ್ಯರು ಔಷಧಿ ಬರೆದುಕೊಟ್ಟು, ರೋಗಿಯೇ ಅದನ್ನು ತೆಗೆದುಕೊಂಡು ಸಾಯುವುದು. ಇದು ವೈದ್ಯರ ನೆರವಿನ ಆತ್ಮಹತ್ಯೆ. ಮೂರು, ರೋಗಿ ಕೇಳಿಕೊಂಡ ಮೇಲೆ ವೈದ್ಯರೇ ಕೈಯಾರೆ ಸಾವು ತರುವುದು. ಇದು ಸಕ್ರಿಯ ದಯಾಮರಣ.

ಭಾರತದಲ್ಲಿ ಕಾನೂನು ಒಪ್ಪುವುದು ಮೊದಲನೆಯದನ್ನು ಮಾತ್ರ. 1996ರಲ್ಲಿ ಗ್ಯಾನ್ ಕೌರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಂವಿಧಾನದ 21ನೇ ವಿಧಿ ಕೊಡುವ ಬದುಕುವ ಹಕ್ಕಿನಲ್ಲಿ ಸಾಯುವ ಹಕ್ಕು ಸೇರಿಲ್ಲ ಅಂತ ಹೇಳಿತು. 2018ರ ಮಾರ್ಚ್ 9ರಂದು ‘ಕಾಮನ್ ಕಾಸ್’ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ, ಸಾವಿನ ಪ್ರಕ್ರಿಯೆ ಶುರುವಾದ ಮೇಲೆ ಅದು ಘನತೆಯಿಂದ ನಡೆಯಬೇಕು ಅನ್ನುವುದು ಮಾತ್ರ 21ನೇ ವಿಧಿಯ ಭಾಗವೇ ಅಂತ ಸ್ಪಷ್ಟಪಡಿಸಿತು. ಎರಡನೆಯದನ್ನು ವೈದ್ಯರೊಬ್ಬರು ಮಾಡಿದರೆ ಅದು ಆತ್ಮಹತ್ಯೆಗೆ ಕುಮ್ಮಕ್ಕು. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 108ರಡಿ ಹತ್ತು ವರ್ಷದವರೆಗೆ ಜೈಲು. ಮೂರನೆಯದು ನರಹತ್ಯೆಯ ಅಪರಾಧದ ವ್ಯಾಪ್ತಿಗೆ ಬರುತ್ತೆ.

ರಾಜ್ಯದ ಸುತ್ತೋಲೆ ಮೊದಲನೆಯದರ ಬಗ್ಗೆ. ರೋಗಿ ದಾಖಲಾಗಿರುವ ಆಸ್ಪತ್ರೆಯಲ್ಲಿ ಮೂವರು ವೈದ್ಯರ ಪ್ರಾಥಮಿಕ ಮಂಡಳಿ ಪರಿಶೀಲಿಸಬೇಕು. ಅದನ್ನು ಮೂವರು ಬೇರೆ ವೈದ್ಯರ ಎರಡನೇ ಮಂಡಳಿ ಮತ್ತೆ ನೋಡಬೇಕು. ಈ ಎರಡನೇ ಮಂಡಳಿಯಲ್ಲಿ ಜಿಲ್ಲಾ ಆರೋಗ್ಯ ಅಧಿಕಾರಿ ನೇಮಿಸಿದ ವೈದ್ಯರೊಬ್ಬರು ಇರಬೇಕು. ಮನೆಯವರ ಒಪ್ಪಿಗೆ ಬೇಕು. ಜಾರಿಗೆ ತರುವ ಮೊದಲು ಮ್ಯಾಜಿಸ್ಟ್ರೇಟರಿಗೆ ಪ್ರತಿ ಹೋಗಬೇಕು. ಇದರ ಜೊತೆಗೆ ಪ್ರಜ್ಞೆ ಇರುವಾಗಲೇ ಯಾರು ಬೇಕಾದರೂ ‘ಲಿವಿಂಗ್ ವಿಲ್’ ಬರೆದಿಡಬಹುದು: ಮುಂದೆ ನನಗೆ ಮಾತಾಡಲು ಆಗದ ಸ್ಥಿತಿ ಬಂದರೆ ಇಂಥ ಚಿಕಿತ್ಸೆ ಬೇಡ, ನನ್ನ ಪರವಾಗಿ ಇಂಥವರು ತೀರ್ಮಾನಿಸಲಿ ಅಂತ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನಿಯಮ ಸಡಿಲಿಸಿದ ಮೇಲೆ ಇಬ್ಬರು ಸಾಕ್ಷಿಗಳ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಇದ್ದರೆ ಸಾಕು.

ಎಚ್ಚರವಿರುವ, ಮಾತಾಡಬಲ್ಲ, ಯಾವ ಯಂತ್ರಕ್ಕೂ ಜೋಡಿಸಿರದ ವ್ಯಕ್ತಿ “ನನಗೆ ಸಾಕಾಗಿದೆ” ಅಂದರೆ ಇದರಲ್ಲಿ ಉತ್ತರವಿಲ್ಲ. ಅಂಥವರಿಗೆ ಉತ್ತರ ಇರಬೇಕಾ, ಬೇಡವಾ? ಜಗತ್ತಿನಾದ್ಯಂತ ಜಗಳ ಇರೋದು ಇದೇ ಪ್ರಶ್ನೆಯ ಮೇಲೆ.

ಕ್ರೈಸ್ತ ವಾದ: ಜೀವ ಕೊಟ್ಟವನು ಬೇರೆ

ಮದ್ದೂರಿನಲ್ಲಿ ಕೂತು ಕ್ರೈಸ್ತ ನೀತಿಶಾಸ್ತ್ರ ಯಾಕೆ ಓದಬೇಕು ಅಂತ ಕೇಳಬಹುದು. ಇಲ್ಲಿ ಕ್ರೈಸ್ತರ ಸಂಖ್ಯೆ ಕಡಿಮೆ, ನಿಜ. ಆದರೆ ಮಂಡ್ಯದ ಹೆಸರಿನಲ್ಲೇ 2010ರಿಂದ ಸಿರೋ-ಮಲಬಾರ್ ಕ್ಯಾಥೊಲಿಕ್ ಧರ್ಮಪ್ರಾಂತ್ಯವಿದೆ. ನಮ್ಮವರು ಜೀವ ಹಿಡಿದುಕೊಂಡು ಓಡುವ ಮೈಸೂರಿನ ಮಿಷನ್ ಆಸ್ಪತ್ರೆ, ಬೆಂಗಳೂರಿನ ಸೇಂಟ್ ಜಾನ್ಸ್ ಎರಡನ್ನೂ ಕಟ್ಟಿದ್ದು ಕ್ರೈಸ್ತ ಸಂಸ್ಥೆಗಳೇ. ವೈದ್ಯರ ನೆರವಿನ ಸಾವಿಗೆ ಜಗತ್ತಿನಲ್ಲಿ ಅತ್ಯಂತ ಸಂಘಟಿತ ವಿರೋಧ ಬಂದಿರುವುದೂ ಚರ್ಚ್‌ಗಳಿಂದ. ಅವರ ವಾದ ಏನು ಅಂತ ಸರಿಯಾಗಿ ತಿಳಿಯದೆ ವಿರೋಧಿಸುವುದರಲ್ಲೂ ಬೆಂಬಲಿಸುವುದರಲ್ಲೂ ಅರ್ಥವಿಲ್ಲ.

ವಾದದ ಬೇರು ಹಳೆಯದು. 5ನೇ ಶತಮಾನದಲ್ಲಿ ಸಂತ ಅಗಸ್ಟೀನ್, ‘ಕೊಲ್ಲಬೇಡ’ ಅನ್ನುವ ಆಜ್ಞೆ ತನ್ನನ್ನು ತಾನು ಕೊಂದುಕೊಳ್ಳುವುದಕ್ಕೂ ಅನ್ವಯಿಸುತ್ತದೆ ಅಂದರು. 13ನೇ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಮೂರು ಕಾರಣ ಕೊಟ್ಟರು. ಆತ್ಮಹತ್ಯೆ ಬದುಕಿನ ಸಹಜ ಒಲವಿಗೆ ವಿರುದ್ಧ, ಸಮುದಾಯಕ್ಕೆ ಮಾಡುವ ಅನ್ಯಾಯ, ಜೀವ ಕೊಟ್ಟ ದೇವರ ಹಕ್ಕಿನ ಅತಿಕ್ರಮಣ. ಬದುಕು ನನ್ನ ಆಸ್ತಿ ಅಲ್ಲ, ನನ್ನ ವಶಕ್ಕೆ ಕೊಟ್ಟಿರುವ ಜವಾಬ್ದಾರಿ ಅನ್ನೋದು ಇದರ ತಿರುಳು.

ಹಾಗಾದ್ರೆ ಕೊನೆಯುಸಿರಿನ ತನಕ ಯಂತ್ರಕ್ಕೆ ಕಟ್ಟಿಹಾಕಿ ಅಂತ ಚರ್ಚ್ ಹೇಳುತ್ತಾ? ಇಲ್ಲ. ತುಂಬಾ ಜನ ತಪ್ಪು ತಿಳಿದಿರುವುದು ಇದನ್ನೇ. 1957ರಲ್ಲಿ ಪೋಪ್ 12ನೇ ಪಯಸ್ ಅರಿವಳಿಕೆ ತಜ್ಞರ ಪ್ರಶ್ನೆಗಳಿಗೆ ಉತ್ತರಿಸುತ್ತಾ ಎರಡು ಮುಖ್ಯ ಮಾತು ಹೇಳಿದರು. ಸಾಮಾನ್ಯ ಚಿಕಿತ್ಸೆ ಪಡೆಯುವುದು ಕರ್ತವ್ಯ, ಆದರೆ ರೋಗಿಗೂ ಮನೆಯವರಿಗೂ ವಿಪರೀತ ಹೊರೆಯಾಗುವ ಅಸಾಮಾನ್ಯ ಚಿಕಿತ್ಸೆಯನ್ನು ಮುಂದುವರಿಸುವ ಬಾಧ್ಯತೆ ಇಲ್ಲ. ಹಾಗೆಯೇ, ನೋವು ಕಳೆಯಲು ಕೊಡುವ ಔಷಧಿಯಿಂದ ಆಯಸ್ಸು ಸ್ವಲ್ಪ ಕಡಿಮೆಯಾಗಬಹುದಾದರೂ, ಉದ್ದೇಶ ನೋವು ಕಳೆಯುವುದೇ ಆಗಿದ್ದರೆ ಅದನ್ನು ಕೊಡಬಹುದು. 1980ರ ವ್ಯಾಟಿಕನ್ ಘೋಷಣೆಯೂ ಇದನ್ನೇ ಮತ್ತೆ ಹೇಳಿತು. ಸಾವನ್ನು ಒಪ್ಪಿಕೊಳ್ಳುವುದು ಬೇರೆ, ಸಾವನ್ನು ಉಂಟುಮಾಡುವುದು ಬೇರೆ. ಚರ್ಚ್ ಗೆರೆ ಎಳೆಯುವುದು ಇವೆರಡರ ಮಧ್ಯೆ.

ಅಂದರೆ ನಮ್ಮ ಸುತ್ತೋಲೆಯ ಬಹುಭಾಗ ಕ್ಯಾಥೊಲಿಕ್ ಬೋಧನೆಗೆ ವಿರುದ್ಧವೇನಲ್ಲ. ಸೂಕ್ಷ್ಮವಾದ ಭಿನ್ನಾಭಿಪ್ರಾಯ ಆಹಾರದ ನಳಿಕೆಯ ವಿಷಯದಲ್ಲಿದೆ. ಪ್ರಜ್ಞೆ ಬಾರದ ಸ್ಥಿತಿಯಲ್ಲಿರುವವರಿಗೆ ನಳಿಕೆಯಲ್ಲಿ ಕೊಡುವ ಊಟ-ನೀರು ಚಿಕಿತ್ಸೆಯಲ್ಲ, ಮೂಲ ಆರೈಕೆ ಅಂತ 2004ರಲ್ಲಿ ಪೋಪ್ 2ನೇ ಜಾನ್ ಪಾಲ್ ಹೇಳಿದರು. ಸೆಕ್ಯುಲರ್ ನೀತಿಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಅದನ್ನೂ ಚಿಕಿತ್ಸೆ ಅಂತಲೇ ನೋಡುತ್ತಾರೆ.

ಕ್ರೈಸ್ತರೆಲ್ಲ ಒಂದೇ ದನಿಯಲ್ಲಿ ಮಾತಾಡುವುದೂ ಇಲ್ಲ. ದಕ್ಷಿಣ ಆಫ್ರಿಕಾದ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು 2016ರಲ್ಲಿ, ತಮ್ಮ 85ನೇ ಹುಟ್ಟುಹಬ್ಬದ ಹೊತ್ತಿಗೆ, ನೆರವಿನ ಸಾವಿನ ಆಯ್ಕೆ ತಮಗೂ ಇರಬೇಕು ಅಂತ ಬಹಿರಂಗವಾಗಿ ಬರೆದರು. ಕ್ಯಾಂಟರ್ಬರಿಯ ಮಾಜಿ ಆರ್ಚ್‌ಬಿಷಪ್ ಜಾರ್ಜ್ ಕ್ಯಾರಿ 2014ರಲ್ಲೇ ನಿಲುವು ಬದಲಿಸಿದ್ದರು. ಕರುಣೆಯ ಧರ್ಮ ನರಳಾಟವನ್ನು ನೋಡುತ್ತಾ ಕೂರಬಹುದೇ ಅನ್ನೋದು ಇವರ ಪ್ರಶ್ನೆ. ಇದನ್ನು ಧರ್ಮದ ಒಳಗಿನಿಂದಲೇ ಕೇಳಿದ್ದು ಅನ್ನೋದನ್ನ ಗಮನಿಸಿ.

ಸೆಕ್ಯುಲರ್ ವಾದ: ಬದುಕು ನನ್ನದು, ಕೊನೆಯೂ ನನ್ನದು

ದೇವರನ್ನು ಲೆಕ್ಕದಿಂದ ತೆಗೆದುಬಿಡಿ. ಆಗ ಪ್ರಶ್ನೆ ಸರಳವಾಗುತ್ತೆ: ಯಾರಿಗೂ ತೊಂದರೆ ಕೊಡದ ನನ್ನ ತೀರ್ಮಾನವನ್ನು ಸರ್ಕಾರ ಯಾಕೆ ತಡೆಯಬೇಕು? ಏನು ಓದಬೇಕು, ಯಾರನ್ನು ಮದುವೆಯಾಗಬೇಕು, ಯಾವ ಆಪರೇಷನ್ ಬೇಡ ಅಂತ ತೀರ್ಮಾನಿಸುವ ವಯಸ್ಕರಿಗೆ, ಬದುಕಿನ ಕೊನೆಯ ತೀರ್ಮಾನ ಮಾತ್ರ ಯಾಕಿಲ್ಲ? ಒಂದು ಧರ್ಮದ ನಂಬಿಕೆಯನ್ನು ಆ ಧರ್ಮ ಪಾಲಿಸದವರ ಸಾವಿನ ಮೇಲೆ ಹೇರುವುದು ಯಾವ ಪ್ರಜಾಪ್ರಭುತ್ವ?

ಎರಡನೇ ವಾದ ಇನ್ನೂ ಹರಿತ. ಒಂದೇ ಕಾಯಿಲೆಯ ಇಬ್ಬರು ರೋಗಿಗಳನ್ನು ಊಹಿಸಿಕೊಳ್ಳಿ. ಒಬ್ಬರು ವೆಂಟಿಲೇಟರಿನಲ್ಲಿದ್ದಾರೆ, ಅದನ್ನು ತೆಗೆಯಿರಿ ಅಂದರೆ ಕಾನೂನು ಒಪ್ಪುತ್ತೆ. ಇನ್ನೊಬ್ಬರು ಅಷ್ಟೇ ನರಳುತ್ತಿದ್ದಾರೆ, ಆದರೆ ತೆಗೆಯಲು ಅವರಿಗೆ ಯಂತ್ರವೇ ಇಲ್ಲ. ಅವರು ಕಾಯಬೇಕು. ಇಬ್ಬರ ಇಚ್ಛೆಯೂ ಒಂದೇ, ಫಲಿತಾಂಶವೂ ಒಂದೇ. ವೈದ್ಯರ ಕೈ ಒಂದು ಸ್ವಿಚ್ ಆರಿಸಿತೋ ಒಂದು ಚೀಟಿ ಬರೆಯಿತೋ ಅನ್ನುವುದರ ಮೇಲೆ ನೈತಿಕತೆ ನಿಲ್ಲಬೇಕಾ? ‘ಕೊಲ್ಲುವುದು’ ಮತ್ತು ‘ಸಾಯಲು ಬಿಡುವುದು’ ಇವುಗಳ ನಡುವಿನ ಗೋಡೆ ಅಷ್ಟೇನೂ ಗಟ್ಟಿಯಿಲ್ಲ ಅಂತ 1975ರಲ್ಲೇ ಅಮೆರಿಕದ ತತ್ವಶಾಸ್ತ್ರಜ್ಞ ಜೇಮ್ಸ್ ರೇಚಲ್ಸ್ ವಾದಿಸಿದ್ದರು. ಕರಿಬಸಮ್ಮ ಅವರ ಪ್ರಕರಣವನ್ನು ಈ ವಾದದ ಬೆಳಕಲ್ಲಿ ನೋಡಿದರೆ, ನಮ್ಮ ಕಾನೂನು ಅವರಿಗೆ ಕೊಟ್ಟ ಉತ್ತರ ತಾಂತ್ರಿಕವಾಗಿ ಸರಿ ಇರಬಹುದು, ನೈತಿಕವಾಗಿ ಸಾಲದು.

ಈ ವಾದವನ್ನು ಒಪ್ಪಿದ ದೇಶಗಳಿವೆ. ಅಮೆರಿಕದ ಒರೆಗಾನ್ ರಾಜ್ಯದಲ್ಲಿ 1997ರಿಂದ ವೈದ್ಯರ ನೆರವಿನ ಸಾವು ಕಾನೂನುಬದ್ಧ. ಆರು ತಿಂಗಳಿಗಿಂತ ಹೆಚ್ಚು ಬದುಕುವುದಿಲ್ಲ ಅಂತ ಇಬ್ಬರು ವೈದ್ಯರು ಹೇಳಬೇಕು, ರೋಗಿಯೇ ಕೇಳಬೇಕು, ಔಷಧಿಯನ್ನು ರೋಗಿಯೇ ತೆಗೆದುಕೊಳ್ಳಬೇಕು. ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂ 2002ರಲ್ಲಿ, ಕೆನಡಾ 2016ರಲ್ಲಿ ಒಪ್ಪಿದವು. ಬ್ರಿಟನ್ನಿನ ಕಾಮನ್ಸ್ ಸಭೆ 2025ರ ಜೂನ್‌ನಲ್ಲಿ ಇಂಥದ್ದೇ ಮಸೂದೆಯನ್ನು 314–291 ಮತಗಳಿಂದ ಅಂಗೀಕರಿಸಿತು.

ಒರೆಗಾನ್‌ನ ವಾರ್ಷಿಕ ವರದಿಗಳಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಸಾವು ಕೇಳಿದವರು ಹೆಚ್ಚಾಗಿ ಕೊಟ್ಟ ಕಾರಣ ನೋವಲ್ಲ. ಸ್ವಾತಂತ್ರ್ಯ ಹೋಯಿತು, ಖುಷಿ ಕೊಡುವ ಕೆಲಸ ಮಾಡಲಾಗುತ್ತಿಲ್ಲ, ಘನತೆ ಹೋಯಿತು ಅನ್ನೋದೇ ಮುಂದೆ ನಿಲ್ಲುತ್ತೆ. “ನೋವಿಗೆ ಮದ್ದು ಕೊಟ್ಟರೆ ಯಾರೂ ಸಾವು ಕೇಳೋದಿಲ್ಲ” ಅನ್ನುವವರು ಇದಕ್ಕೆ ಉತ್ತರ ಕೊಡಬೇಕಾಗುತ್ತೆ. ಅದೇ ಪಟ್ಟಿಯಲ್ಲಿ ಇನ್ನೊಂದು ಕಾರಣವೂ ಇದೆ: ಮನೆಯವರಿಗೆ ಹೊರೆಯಾಗುವ ಭಯ. ಇದಕ್ಕೆ ಉತ್ತರ ಕೊಡಬೇಕಾದವರು ಸ್ವಾತಂತ್ರ್ಯವಾದಿಗಳು.

‘ಹೊರೆ ಆಗಬಾರದು’: ಇದು ಆಯ್ಕೆಯೋ, ಒತ್ತಡವೋ?

ನೆರವಿನ ಸಾವಿನ ವಿರೋಧಿಗಳೆಲ್ಲ ಧಾರ್ಮಿಕರು ಅನ್ನೋದು ತಪ್ಪು. ತೀಕ್ಷ್ಣವಾದ ವಿರೋಧ ಬಂದಿರುವುದು ಅಂಗವಿಕಲರ ಹಕ್ಕುಗಳ ಚಳವಳಿಯಿಂದ. ಅವರ ವಾದದಲ್ಲಿ ದೇವರಿಲ್ಲ, ಸಮಾನತೆ ಇದೆ. ಕೆನಡಾ 2021ರಲ್ಲಿ ಕಾನೂನನ್ನು ವಿಸ್ತರಿಸಿ, ಸಾವು ಹತ್ತಿರದಲ್ಲಿ ಇಲ್ಲದವರಿಗೂ ಅವಕಾಶ ಕೊಟ್ಟಿತು. ಆ ಸಂದರ್ಭದಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ತಜ್ಞರೇ ಎಚ್ಚರಿಸಿದರು: ಅಂಗವೈಕಲ್ಯ ಸಾವಿಗೆ ಕಾರಣವಾಗಬಾರದು. ಆರೋಗ್ಯವಂತ ಯುವಕ ಸಾಯಬೇಕು ಅಂದರೆ ಆಪ್ತಸಲಹೆ ಕೊಡಿಸುತ್ತೇವೆ, ಗಾಲಿಕುರ್ಚಿಯಲ್ಲಿರುವವರು ಅಂದರೆ ಫಾರಂ ಕೊಡುತ್ತೇವೆ. ಈ ವ್ಯತ್ಯಾಸ ಎಲ್ಲಿಂದ ಬಂತು ಅನ್ನುವುದು ಅವರ ಪ್ರಶ್ನೆ.

ಇದನ್ನು ನಮ್ಮ ಕಡೆಗೆ ತಿರುಗಿಸಿ ನೋಡಿ. “ಕೈಕಾಲು ಗಟ್ಟಿ ಇರೋವಾಗ್ಲೇ ಹೋಗ್ಬುಡ್ಬೇಕು”, “ಮಕ್ಳಿಗೆ ಹೊರೆ ಆಗ್ಬಾರ್ದು ಕಣಪ್ಪ”. ಮಂಡ್ಯದ ಯಾವ ಹಟ್ಟಿಯಲ್ಲಿ, ಯಾವ ಜಗಲಿಯಲ್ಲಿ ಈ ಮಾತು ಕೇಳಿಲ್ಲ? ಹೇಳುವವರಲ್ಲಿ ಹೆಚ್ಚಿನವರು ಯಾರು ಅಂತಲೂ ಯೋಚಿಸಿ. ಹೆಸರಿನಲ್ಲಿ ಜಮೀನಿಲ್ಲದ, ಪಿಂಚಣಿಗೆ ಕಾಯುವ, ಸರದಿಯ ಮೇಲೆ ಮಕ್ಕಳ ಮನೆಯಲ್ಲಿ ಇರುವ ಅಜ್ಜಿಯರು. ಇದು ಸ್ವತಂತ್ರ ಇಚ್ಛೆಯ ಮಾತೋ, ಮನೆಯ ಲೆಕ್ಕಾಚಾರವನ್ನು ಒಳಗೆ ಎಳೆದುಕೊಂಡ ಮಾತೋ? ಎರಡು ಮಂಡಳಿಯ ಆರು ವೈದ್ಯರು ಕಾಯಿಲೆಯನ್ನು ಅಳೆಯಬಹುದು. ಸೊಸೆಯ ಸುಸ್ತನ್ನು, ಮಗನ ಸಾಲವನ್ನು, ಆ ಅಜ್ಜಿಯ ಸಂಕೋಚವನ್ನು ಅಳೆಯುವ ಮಂಡಳಿ ಯಾವುದು?

ಹಾಗಂತ ಆರೈಕೆಯ ಹೆಸರಲ್ಲಿ ಎಲ್ಲವನ್ನೂ ಮುಚ್ಚಿಹಾಕಲೂ ಆಗದು. ಹೊನ್ನಾವರದ ಹತ್ತಿರದ ಹಳದೀಪುರದಿಂದ ಮುಂಬೈಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ್ ಅವರನ್ನು ನೆನೆಯಿರಿ. 1973ರ ನವೆಂಬರ್ 27ರ ಅತ್ಯಾಚಾರ-ಹಲ್ಲೆಯ ನಂತರ ಅವರು ಸುಮಾರು 42 ವರ್ಷ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ ಉಳಿದರು. ಪತ್ರಕರ್ತೆ ಪಿಂಕಿ ವಿರಾನಿ ಅವರಿಗೆ ಮುಕ್ತಿ ಕೊಡಿ ಅಂತ ಸುಪ್ರೀಂ ಕೋರ್ಟಿಗೆ ಹೋದರು. ದಿನಾ ಮೈ ತೊಳೆದು ಉಣ್ಣಿಸುತ್ತಿದ್ದ ಆಸ್ಪತ್ರೆಯ ಸಿಬ್ಬಂದಿ ಬೇಡವೇ ಬೇಡ ಅಂದರು. 2011ರ ಮಾರ್ಚ್ 7ರಂದು ನ್ಯಾಯಾಲಯ ಆಸ್ಪತ್ರೆ ಸಿಬ್ಬಂದಿಯ ಮಾತನ್ನು ಎತ್ತಿಹಿಡಿಯಿತು. ಅದೇ ತೀರ್ಪಿನಲ್ಲಿ ನಿಷ್ಕ್ರಿಯ ದಯಾಮರಣಕ್ಕೆ ಬಾಗಿಲನ್ನೂ ತೆರೆಯಿತು. 2015ರ ಮೇ 18ರಂದು ಅರುಣಾ ತೀರಿಕೊಂಡರು. ಅಷ್ಟು ವರ್ಷ ಹಾಸಿಗೆ ಹುಣ್ಣಾಗದಂತೆ ನೋಡಿಕೊಂಡ ಆ ನರ್ಸ್‌ಗಳ ಆರೈಕೆ ಅಸಾಧಾರಣ. ಅರುಣಾ ಅವರಿಗೆ ಏನು ಬೇಕಿತ್ತು ಅನ್ನೋದು ಮಾತ್ರ ಯಾರಿಗೂ ಗೊತ್ತಾಗಲಿಲ್ಲ. ಲಿವಿಂಗ್ ವಿಲ್ ಯಾಕೆ ಬೇಕು ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಇಲ್ಲ.

ಹೆದ್ದಾರಿಯಲ್ಲಿ ನಡೆಯುವ ದಯಾಮರಣ

ಈಗ ಮದ್ದೂರಿಗೆ ಬರೋಣ. ಇತ್ತ ಬೆಂಗಳೂರು, ಅತ್ತ ಮೈಸೂರು, ಮಧ್ಯೆ ಹೆದ್ದಾರಿ. ದೊಡ್ಡ ಕಾಯಿಲೆ ಬಂದರೆ ಎರಡರಲ್ಲಿ ಒಂದು ಊರಿಗೆ ಓಡಬೇಕು. ಅಲ್ಲಿ ಐಸಿಯು ಬಿಲ್ ಏರುತ್ತಾ ಹೋಗುತ್ತೆ, ಒಡವೆ ಗಿರವಿಗೆ ಹೋಗುತ್ತೆ, ಆಮೇಲೆ ಒಂದು ದಿನ ಮನೆಯವರು “ಉಸ್ರು ಇರೋವಾಗ್ಲೇ ಊರ್ಗೆ ಕರ್ಕೊಂಡೋಗಣ” ಅಂತಾರೆ. ‘ವೈದ್ಯರ ಸಲಹೆಗೆ ವಿರುದ್ಧವಾಗಿ ಡಿಸ್ಚಾರ್ಜ್’ ಅನ್ನುವ ಕಾಗದಕ್ಕೆ ಸಹಿ ಬೀಳುತ್ತೆ. ಆಂಬುಲೆನ್ಸ್ ಹೊರಡುತ್ತೆ.

ಇಲ್ಲಿ ಮಂಡಳಿ ಇಲ್ಲ, ಮ್ಯಾಜಿಸ್ಟ್ರೇಟ್ ಇಲ್ಲ, ರೋಗಿಯ ಇಚ್ಛೆ ಕೇಳುವವರೂ ಇಲ್ಲ. ಬದುಕುಳಿಯಬಹುದಾದವರೂ ಈ ಸಾಲಿನಲ್ಲಿ ಇರುತ್ತಾರೆ. ನಿಜಕ್ಕೂ ಕೊನೆಯ ಹಂತದಲ್ಲಿರುವವರು ಮನೆಗೆ ಬರುವಾಗ ನೋವಿನ ಮಾತ್ರೆಯೂ ಜೊತೆಗಿಲ್ಲದೆ ಬರುತ್ತಾರೆ. ಭಾರತದ ನಿಷ್ಕ್ರಿಯ ದಯಾಮರಣದ ದೊಡ್ಡ ಪಾಲು ನಡೆಯುವುದು ಹೀಗೆ, ಹಣ ಮುಗಿದಾಗ. ಇದನ್ನು ಚರ್ಚ್ ‘ಅಸಾಮಾನ್ಯ ಚಿಕಿತ್ಸೆಯ ನಿರಾಕರಣೆ’ ಅನ್ನಲಾರದು. ಸೆಕ್ಯುಲರ್ ನೀತಿ ‘ಸ್ವತಂತ್ರ ಆಯ್ಕೆ’ ಅನ್ನಲಾರದು. ಎರಡೂ ಇದನ್ನು ಕರೆಯಬೇಕಾದ ಹೆಸರು ಒಂದೇ: ಕೈಬಿಡುವುದು.

ಎರಡೂ ವಾದಗಳು ಒಪ್ಪುವ ದಾರಿಯೊಂದಿದೆ, ಪ್ಯಾಲಿಯೇಟಿವ್ ಕೇರ್. ಕಾಯಿಲೆ ವಾಸಿಯಾಗದಿದ್ದರೂ ನೋವು, ಉಬ್ಬಸ, ಭಯ, ಒಂಟಿತನಗಳನ್ನು ನೋಡಿಕೊಳ್ಳುವ ಆರೈಕೆ. ಆಧುನಿಕ ರೂಪದಲ್ಲಿ ಇದನ್ನು ಕಟ್ಟಿದ್ದು 1967ರಲ್ಲಿ ಲಂಡನ್‌ನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಶುರುಮಾಡಿದ ಸಿಸಿಲಿ ಸಾಂಡರ್ಸ್, ಶ್ರದ್ಧಾವಂತ ಕ್ರೈಸ್ತ ವೈದ್ಯೆ. ಕೇರಳ ಇದನ್ನು ಊರೂರಿನ ಸ್ವಯಂಸೇವಕರ ಜಾಲವಾಗಿ ಬೆಳೆಸಿತು, 2008ರಲ್ಲಿ ಸರ್ಕಾರದ ನೀತಿಯನ್ನಾಗಿ ಮಾಡಿತು. ಬೆಂಗಳೂರಿನ ಕರುಣಾಶ್ರಯ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಒಂದು ಪೈಸೆ ಪಡೆಯದೆ ನೋಡಿಕೊಳ್ಳುತ್ತೆ. ಆದರೆ ನೋವಿನ ಮುಖ್ಯ ಔಷಧಿ ಮಾರ್ಫಿನ್ 1985ರ ಮಾದಕ ವಸ್ತು ಕಾಯ್ದೆಯ ಲೈಸೆನ್ಸುಗಳ ಬಲೆಯಲ್ಲಿ ಮೂರು ದಶಕ ಸಿಕ್ಕಿಕೊಂಡಿತ್ತು. 2014ರ ತಿದ್ದುಪಡಿ ದಾರಿ ಸುಲಭ ಮಾಡಿದರೂ, ಔಷಧಿ ತಾಲೂಕಿಗೆ ತಲುಪಬೇಕಾದರೆ ಯಾರಾದರೂ ಕೇಳಬೇಕು.

ಇಂಜಿನಿಯರಿಂಗ್‌ನಲ್ಲಿ ಮೊದಲ ವರ್ಷವೇ ಹೇಳಿಕೊಡುವ ಒಂದು ಪಾಠವಿದೆ: ಸೇತುವೆಯನ್ನು ಸರಾಸರಿ ಭಾರಕ್ಕಲ್ಲ, ಬೀಳಬಹುದಾದ ಅತಿ ಹೆಚ್ಚು ಭಾರಕ್ಕೆ ವಿನ್ಯಾಸ ಮಾಡಬೇಕು. ಕಾನೂನೂ ಹಾಗೇ. ಓದು, ದುಡ್ಡು, ವಕೀಲರು ಇರುವವರನ್ನು ಮನಸ್ಸಲ್ಲಿಟ್ಟುಕೊಂಡು ಸಾವಿನ ಕಾನೂನು ಬರೆಯಬಾರದು. “ಹೊರೆ ಆಗ್ಬಾರ್ದು” ಅನ್ನುವ ಅಜ್ಜಿಯ ಭಾರವನ್ನು ಅದು ತಾಳಬೇಕು.

ಹಾಗಾಗಿ ನನ್ನ ನಿಲುವು ಇಷ್ಟು. ವೈದ್ಯರ ನೆರವಿನ ಸಾವು ತಾತ್ವಿಕವಾಗಿ ಪಾಪ ಅಂತ ನಾನು ಒಪ್ಪುವುದಿಲ್ಲ. ಕರಿಬಸಮ್ಮನಂಥವರ ಬೇಡಿಕೆಯನ್ನು ‘ಖಿನ್ನತೆ’ ಅಂತ ತಳ್ಳಿಹಾಕುವುದು ಅವರ ಬುದ್ಧಿಗೆ ಮಾಡುವ ಅವಮಾನ. ಆದರೆ ಆರೈಕೆ ಸಿಗದ ಕಡೆ ಸಾವನ್ನು ಹಕ್ಕಾಗಿ ಕೊಟ್ಟರೆ, ಬಡವರ ಪಾಲಿಗೆ ಸಿಗುವ ಏಕೈಕ ಸೌಲಭ್ಯ ಅದೇ ಆಗಿಬಿಡುತ್ತೆ. ಮೊದಲು ಎರಡನೇ ಬಾಗಿಲು ತೆರೆಯಲಿ. ಆಮೇಲೆ ಯಾವ ಬಾಗಿಲು ಅಂತ ಮನುಷ್ಯರು ಆರಿಸಿಕೊಳ್ಳಲಿ.

ಅಲ್ಲಿಯ ತನಕ ಮಾಡಬಹುದಾದ ಕೆಲಸವಿದೆ. ನಿಮ್ಮ ತಾಲೂಕು ಆಸ್ಪತ್ರೆಗೂ ಜಿಲ್ಲಾ ಆರೋಗ್ಯ ಅಧಿಕಾರಿಗೂ ಆರ್‌ಟಿಐ ಹಾಕಿ ಮೂರು ಪ್ರಶ್ನೆ ಕೇಳಿ. ಮಾರ್ಫಿನ್ ಮಾತ್ರೆ ದಾಸ್ತಾನು ಇದೆಯಾ, ಕಳೆದ ವರ್ಷ ಎಷ್ಟು ಜನರಿಗೆ ಕೊಟ್ಟಿದ್ದೀರಿ? ಮನೆಗೆ ಹೋಗಿ ನೋಡುವ ಪ್ಯಾಲಿಯೇಟಿವ್ ತಂಡ ಇದೆಯಾ? 2025ರ ಸುತ್ತೋಲೆಯಂತೆ ಎರಡನೇ ಮಂಡಳಿಗೆ ಯಾವ ವೈದ್ಯರನ್ನು ನೇಮಿಸಿದ್ದೀರಿ? ಜೊತೆಗೆ ಮನೆಯಲ್ಲಿ ಹಿರಿಯರ ಹತ್ತಿರ ಕೂತು, ಗಟ್ಟಿ ಇರುವಾಗಲೇ, “ಕೊನೆಗೆ ನಿಮಗೆ ಏನು ಬೇಕು, ಏನು ಬೇಡ?” ಅಂತ ಕೇಳಿ. ಅಪಶಕುನದ ಮಾತು ಅಂತ ಬೈಯಬಹುದು, ಬೈಸಿಕೊಳ್ಳಿ. ಅವರಿಗೆ ಬಾಯಿ ಬಾರದ ದಿನ ಬಂದಾಗ ಅವರ ಪರವಾಗಿ ಹೇಳಲು ನಿಮ್ಮ ಹತ್ತಿರ ಅವರದೇ ಮಾತು ಇರಬೇಕು.

(ಬದುಕು ಬೇಡ ಅನ್ನುವ ಯೋಚನೆ ನಿಮ್ಮನ್ನೋ ನಿಮ್ಮವರನ್ನೋ ಕಾಡುತ್ತಿದ್ದರೆ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.)